ಪರ್ಪಲ್ ಹಾರ್ಟ್: ಗಾಯಗೊಂಡ ಯೋಧನ ಪದಕ, ತಡವಾಗಿ ಬರುವ ಮನ್ನಣೆ

2021ರ ಜೂನ್ ತಿಂಗಳಿನಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದ ರಾಜಧಾನಿಯಾದ ಬ್ಯಾಟನ್ ರೂಜ್ ನಗರದಲ್ಲಿ ಒಂದು ಸಮಾರಂಭ ಜರುಗಿತು. ನೂರಾ ಒಂದು ವರ್ಷ ವಯಸ್ಸಿನ ಹಿರಿಯರೊಬ್ಬರಿಗೆ ಅಲ್ಲಿ ಸೇನಾ ಪದಕವೊಂದನ್ನು ಪ್ರದಾನ ಮಾಡಲಾಯಿತು. ಹೃದಯದ ಆಕಾರದ, ನೇರಳೆ ಬಣ್ಣದ ಆ ಪದಕ ಅವರಿಗೆ ಸಂದದ್ದು 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿ ಕಡಲತೀರದ ದಾಳಿಯಲ್ಲಿ ಆದ ಗಾಯಗಳಿಗಾಗಿ. ಗಾಯಕ್ಕೂ ಪದಕಕ್ಕೂ ನಡುವೆ ಎಪ್ಪತ್ತೇಳು ವರ್ಷಗಳು ಸಂದಿದ್ದವು. ಆ ಹಿರಿಯರ ಹೆಸರು ಜಾನಿ ಜೋನ್ಸ್. ಪದಕ ಕೈಸೇರಿದ ಹತ್ತು ತಿಂಗಳಿಗೆ, 2022ರ ಏಪ್ರಿಲ್‌ನಲ್ಲಿ, ಅವರು ನಿಧನರಾದರು.

ಇಂತಹ ಸುದ್ದಿಗಳನ್ನು ನಾವು ಪತ್ರಿಕೆಗಳ ಒಳಪುಟಗಳಲ್ಲಿ ಆಗಾಗ ಓದುತ್ತೇವೆ. ‘ಕೊನೆಗೂ ದೊರೆತ ಗೌರವ’ ಎಂಬ ಶೀರ್ಷಿಕೆಯ ಕೆಳಗೆ ಗಾಲಿಕುರ್ಚಿಯಲ್ಲಿ ಕುಳಿತ ವೃದ್ಧ ಯೋಧನ ಭಾವಚಿತ್ರವಿರುತ್ತದೆ. ಓದಿ ಸಂತೋಷಪಟ್ಟು ಮುಂದಿನ ಪುಟಕ್ಕೆ ಹೋಗುತ್ತೇವೆ. ಆದರೆ ಯುದ್ಧದಲ್ಲಿ ರಕ್ತ ಸುರಿಸಿದವನಿಗೆ ಅದನ್ನು ಒಪ್ಪಿಕೊಳ್ಳುವ ಒಂದು ಪದಕ ಸಿಗಲು ಮುಕ್ಕಾಲು ಶತಮಾನ ಏಕೆ ಬೇಕಾಯಿತು ಎಂಬ ಪ್ರಶ್ನೆ ಅಲ್ಲಿಯೇ ಉಳಿದುಬಿಡುತ್ತದೆ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ, ಅಮೆರಿಕದ ‘ಪರ್ಪಲ್ ಹಾರ್ಟ್’ ಪದಕದ ಇತಿಹಾಸ, ಅದರ ನಿಯಮಗಳು ಹಾಗೂ ತಡವಾದ ಅರ್ಜಿಗಳು ಸಾಗಬೇಕಾದ ಹಾದಿಯನ್ನು ಓದುಗರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಬಟ್ಟೆಯ ಹೃದಯದಿಂದ ಲೋಹದ ಹೃದಯಕ್ಕೆ

ಪರ್ಪಲ್ ಹಾರ್ಟ್ ಪದಕದ ಮೂಲ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದಷ್ಟು ಹಳೆಯದು. 1782ರ ಆಗಸ್ಟ್ 7ರಂದು ಜನರಲ್ ಜಾರ್ಜ್ ವಾಷಿಂಗ್ಟನ್ ಅವರು ನ್ಯೂಯಾರ್ಕ್ ಪ್ರಾಂತ್ಯದ ನ್ಯೂಬರ್ಗ್ ಶಿಬಿರದಿಂದ ಒಂದು ಆದೇಶ ಹೊರಡಿಸಿ, ವಿಶೇಷ ಸೇವೆ ಸಲ್ಲಿಸಿದ ಸಾಮಾನ್ಯ ಸಿಪಾಯಿಗಳಿಗೆ ‘ಸೇನಾ ಅರ್ಹತೆಯ ಲಾಂಛನ’ವನ್ನು ಸ್ಥಾಪಿಸಿದರು. ಅದು ನೇರಳೆ ಬಣ್ಣದ ಬಟ್ಟೆಯಲ್ಲಿ ಹೊಲಿದ, ಅಂಚಿಗೆ ಕಸೂತಿಪಟ್ಟಿ ಹಚ್ಚಿದ ಹೃದಯದ ಆಕೃತಿ. ಅಧಿಕಾರಿಗಳಿಗಷ್ಟೇ ಗೌರವ ಮೀಸಲಾಗಿದ್ದ ಕಾಲದಲ್ಲಿ ಸಾಮಾನ್ಯ ಸೈನಿಕನಿಗೂ ಮನ್ನಣೆಯ ಬಾಗಿಲು ತೆರೆದ ಕಾರಣ ಅದಕ್ಕೆ ಐತಿಹಾಸಿಕ ಮಹತ್ವವಿದೆ. ಅದನ್ನು ಪಡೆದವರೆಂದು ದಾಖಲೆಗಳಿಂದ ತಿಳಿದುಬರುವವರು ಮೂವರು ಮಾತ್ರ: ಎಲೈಜಾ ಚರ್ಚಿಲ್, ವಿಲಿಯಂ ಬ್ರೌನ್ ಮತ್ತು ಡೇನಿಯಲ್ ಬಿಸೆಲ್. ಯುದ್ಧ ಮುಗಿದ ಮೇಲೆ ಆ ಲಾಂಛನ ಸುಮಾರು ಒಂದೂವರೆ ಶತಮಾನ ಮರೆವಿಗೆ ಸಂದಿತು.

1932ರ ಫೆಬ್ರವರಿ 22, ವಾಷಿಂಗ್ಟನ್ ಅವರ ಇನ್ನೂರನೆಯ ಜನ್ಮದಿನ. ಅಂದು ಸೇನಾ ಮುಖ್ಯಸ್ಥರಾಗಿದ್ದ ಜನರಲ್ ಡಗ್ಲಸ್ ಮೆಕಾರ್ಥರ್ ಅವರ ಪ್ರಯತ್ನದಿಂದ ಆ ಹಳೆಯ ಲಾಂಛನ ಲೋಹದ ಪದಕವಾಗಿ ಮರುಜನ್ಮ ಪಡೆಯಿತು. ವಿನ್ಯಾಸ ಎಲಿಜಬೆತ್ ವಿಲ್ ಎಂಬವರದು. ನೇರಳೆ ಹೃದಯದ ನಡುವೆ ವಾಷಿಂಗ್ಟನ್ ಅವರ ಪಾರ್ಶ್ವಮುಖ, ಮೇಲೆ ಅವರ ಮನೆತನದ ಲಾಂಛನ. ಹಿಂಬದಿಯಲ್ಲಿ ‘ಸೇನಾ ಅರ್ಹತೆಗಾಗಿ’ ಎಂಬ ಅರ್ಥದ ಇಂಗ್ಲಿಷ್ ಬರಹ. ಆರಂಭದ ಹತ್ತು ವರ್ಷ ಈ ಪದಕವನ್ನು ಗಾಯಕ್ಕೂ ಉತ್ತಮ ಸೇವೆಗೂ ನೀಡಲಾಗುತ್ತಿತ್ತು. 1942ರಲ್ಲಿ ಉತ್ತಮ ಸೇವೆಗೆ ಬೇರೆ ಪದಕ ಸ್ಥಾಪಿತವಾದ ಬಳಿಕ ಪರ್ಪಲ್ ಹಾರ್ಟ್ ಶತ್ರುವಿನಿಂದ ಗಾಯಗೊಂಡವರಿಗೆ ಮತ್ತು ಮಡಿದವರಿಗೆ ಮಾತ್ರ ಮೀಸಲಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅವರ ಆದೇಶದಿಂದ ನೌಕಾಪಡೆ, ಮರೀನ್ ದಳ ಹಾಗೂ ಕರಾವಳಿ ರಕ್ಷಣಾ ಪಡೆಗಳಿಗೂ ವಿಸ್ತರಿಸಿತು. ಇಂದಿನವರೆಗೆ ಈ ಪದಕ ಪಡೆದವರ ಸಂಖ್ಯೆ ಸುಮಾರು 18 ಲಕ್ಷವೆಂದು ಅಂದಾಜು.

ಇಲ್ಲಿ ಒಂದು ಸಂಗತಿ ಗಮನಾರ್ಹ. ಅವರೆಲ್ಲರ ಹೆಸರುಗಳನ್ನೊಳಗೊಂಡ ಸಂಪೂರ್ಣ ಸರಕಾರಿ ಪಟ್ಟಿ ಎಂಬುದು ಇಲ್ಲವೇ ಇಲ್ಲ. ನ್ಯೂಯಾರ್ಕ್ ರಾಜ್ಯದ ನ್ಯೂ ವಿಂಡ್ಸರ್‌ನಲ್ಲಿ 2006ರಲ್ಲಿ ಪರ್ಪಲ್ ಹಾರ್ಟ್ ಗೌರವ ಭವನ ಆರಂಭವಾದಾಗ, ಯೋಧರೂ ಅವರ ಕುಟುಂಬದವರೂ ತಾವಾಗಿ ಕಳುಹಿಸಿದ ಮಾಹಿತಿಯ ಆಧಾರದ ಮೇಲೆ ಹೆಸರುಗಳನ್ನು ಕಲೆಹಾಕುವ ಕಾರ್ಯ ಕೈಗೊಳ್ಳಬೇಕಾಯಿತು. ಯಾರಿಗೆ ಪದಕ ಕೊಟ್ಟೆವು ಎಂಬುದರ ಪಟ್ಟಿಯೇ ಇಲ್ಲದಿರುವಾಗ, ಯಾರಿಗೆ ಕೊಡಲು ಬಿಟ್ಟುಹೋಯಿತು ಎಂಬುದರ ಲೆಕ್ಕವನ್ನು ಇಡುವವರು ಯಾರು?

ಪದಕಗಳ ಕೊರತೆ ಎಂದೂ ಇರಲಿಲ್ಲ

ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಜಪಾನಿನ ಮುಖ್ಯ ದ್ವೀಪಗಳ ಮೇಲೆ ದಾಳಿ ನಡೆಸಬೇಕಾಗಬಹುದೆಂದು ಅಮೆರಿಕ ಸಿದ್ಧತೆ ನಡೆಸಿತ್ತು. ಆಗಬಹುದಾದ ಸಾವುನೋವುಗಳನ್ನು ಊಹಿಸಿ ಪದಕಗಳನ್ನು ಅಪಾರ ಸಂಖ್ಯೆಯಲ್ಲಿ ತಯಾರಿಸಲಾಯಿತು. 1945ರ ಆಗಸ್ಟ್‌ನಲ್ಲಿ ಜಪಾನ್ ಶರಣಾಗಿ ಆ ದಾಳಿ ನಡೆಯಲೇ ಇಲ್ಲ. ಸುಮಾರು ಐದು ಲಕ್ಷ ಪದಕಗಳು ಉಗ್ರಾಣದಲ್ಲಿ ಉಳಿದವು. ಕೊರಿಯಾ ಮತ್ತು ವಿಯೆಟ್ನಾಂ ಯುದ್ಧಗಳಲ್ಲಿ ಗಾಯಗೊಂಡವರಿಗೂ ಆ ಹಳೆಯ ದಾಸ್ತಾನಿನಿಂದಲೇ ಪದಕಗಳು ಹೋದವು. ಅಂದರೆ, ಜಾನಿ ಜೋನ್ಸ್ ಅವರಂಥವರು ಕಾಯುತ್ತಿದ್ದ ದಶಕಗಳಲ್ಲಿ ಪದಕಗಳು ಪೆಟ್ಟಿಗೆಗಳಲ್ಲಿ ತುಂಬಿದ್ದವು. ಕೊರತೆಯಿದ್ದುದು ಲೋಹಕ್ಕಲ್ಲ, ಕಾಗದಕ್ಕೆ.

ಕಾಗದ ಏಕೆ ಬೇಕು ಎಂಬುದನ್ನು ತಿಳಿಯಲು ನಿಯಮವನ್ನು ನೋಡಬೇಕು. ಶೌರ್ಯ ಪದಕಗಳಿಗೆ ಮೇಲಧಿಕಾರಿಯ ಶಿಫಾರಸು ಬೇಕು. ಕೊಡುವುದೂ ಬಿಡುವುದೂ ಸರಕಾರದ ವಿವೇಚನೆ. ಪರ್ಪಲ್ ಹಾರ್ಟ್ ಹಾಗಲ್ಲ. ನಿಗದಿತ ಷರತ್ತುಗಳು ಪೂರೈಸಿದರೆ ಅದು ಯೋಧನ ಹಕ್ಕು. ಷರತ್ತುಗಳು ಮುಖ್ಯವಾಗಿ ಮೂರು: ಗಾಯವು ಶತ್ರುವಿನ ಕೃತ್ಯದ ಫಲವಾಗಿರಬೇಕು, ವೈದ್ಯಾಧಿಕಾರಿಯ ಚಿಕಿತ್ಸೆಯ ಅಗತ್ಯವಿರುವಷ್ಟು ಅದು ತೀವ್ರವಾಗಿರಬೇಕು, ಆ ಚಿಕಿತ್ಸೆ ಸರಕಾರಿ ದಾಖಲೆಯಲ್ಲಿ ನಮೂದಾಗಿರಬೇಕು. ಮೊದಲ ಎರಡು ಷರತ್ತುಗಳನ್ನು ಯೋಧನ ಶರೀರವೇ ಪೂರೈಸುತ್ತದೆ. ಮೂರನೆಯದು ಮಾತ್ರ ಬೇರೆ ಯಾರೋ, ಎಲ್ಲೋ, ಯಾವುದೋ ಹಾಳೆಯ ಮೇಲೆ ಬರೆದ ಒಂದು ಸಾಲನ್ನು ಅವಲಂಬಿಸಿದೆ. ತಡವಾದ ಅರ್ಜಿಗಳ ಕಷ್ಟವೆಲ್ಲ ಹುಟ್ಟುವುದು ಇಲ್ಲಿಯೇ.

ರಣರಂಗದಲ್ಲಿ ಆ ಸಾಲು ಬಿಟ್ಟುಹೋಗುವುದಕ್ಕೆ ನೂರು ಕಾರಣಗಳು. ಗುಂಡಿನ ಸುರಿಮಳೆಯ ನಡುವೆ ಪಟ್ಟಿ ಕಟ್ಟಿದ ವೈದ್ಯ ಸಹಾಯಕ ಮರುಗಳಿಗೆ ತಾನೇ ಮಡಿದಿರಬಹುದು. ಜೊತೆಯವರನ್ನು ಬಿಟ್ಟು ಆಸ್ಪತ್ರೆಗೆ ಹೋಗಲೊಲ್ಲದೆ ಯೋಧ ಮತ್ತೆ ತನ್ನ ತುಕಡಿಗೆ ಮರಳಿರಬಹುದು. ಒಂದು ದಳದ ಸೈನಿಕ ಇನ್ನೊಂದು ದಳದ ಶಿಬಿರದಲ್ಲಿ ಚಿಕಿತ್ಸೆ ಪಡೆದಿದ್ದರೆ ಚೀಟಿ ಅಲ್ಲಿಯೇ ಉಳಿದಿರಬಹುದು. ಜೀವ ಉಳಿದುದೇ ಹೆಚ್ಚೆಂದು ಮನೆ ಸೇರಿದ ಯುವಕ ಅಂದು ಪದಕದ ಬಗ್ಗೆ ಚಿಂತಿಸಿರುವುದಿಲ್ಲ. ಮುಪ್ಪಿನಲ್ಲಿ, ಮಕ್ಕಳು ಮೊಮ್ಮಕ್ಕಳು ಕಾಲಿನ ಕಲೆಯನ್ನು ಕಂಡು ಕೇಳಿದಾಗ, ಆ ಸಾಲನ್ನು ಹುಡುಕುವ ಕೆಲಸ ಆರಂಭವಾಗುತ್ತದೆ.

ಜಾನಿ ಜೋನ್ಸ್ ಅವರ ಕಥೆ

ಲೂಸಿಯಾನಾದ ಕಪ್ಪು ಜನಾಂಗದ ಕುಟುಂಬದಲ್ಲಿ 1919ರಲ್ಲಿ ಜನಿಸಿದ ಜೋನ್ಸ್ ವಿದ್ಯಾರ್ಥಿಯಾಗಿದ್ದಾಗಲೇ 1942ರಲ್ಲಿ ಸೈನ್ಯಕ್ಕೆ ಕರೆಯಲ್ಪಟ್ಟರು. ಮರುವರ್ಷ ವಾರಂಟ್ ಅಧಿಕಾರಿಯಾದರು. ಅಂದಿನ ಅಮೆರಿಕದ ಸೈನ್ಯದಲ್ಲಿ ಬಿಳಿಯರ ತುಕಡಿಗಳು ಬೇರೆ, ಕಪ್ಪು ಜನರ ತುಕಡಿಗಳು ಬೇರೆ. ಅಧ್ಯಕ್ಷ ಟ್ರೂಮನ್ 1948ರ ಜುಲೈ 26ರಂದು ಆದೇಶ ಹೊರಡಿಸುವವರೆಗೂ ಆ ಪ್ರತ್ಯೇಕತೆ ಅಧಿಕೃತ ನೀತಿಯಾಗಿತ್ತು. ಕಪ್ಪು ಸೈನಿಕರಲ್ಲಿ ಬಹುಪಾಲು ಮಂದಿಯನ್ನು ಸರಕು ಸಾಗಣೆ, ಹಡಗಿನಿಂದ ಸಾಮಗ್ರಿ ಇಳಿಸುವುದು, ರಸ್ತೆ ನಿರ್ಮಾಣ ಮುಂತಾದ ಕೆಲಸಗಳಿಗೆ ನಿಯೋಜಿಸಲಾಗುತ್ತಿತ್ತು. ಜೋನ್ಸ್ ಅವರಿದ್ದ ತುಕಡಿಯ ಹೊಣೆಯೂ ಹಡಗುಗಳಿಂದ ಯುದ್ಧಸಾಮಗ್ರಿಯನ್ನು ತೀರಕ್ಕೆ ಇಳಿಸುವುದೇ.

ನಾರ್ಮಂಡಿಯ ದಾಳಿಯ ದಿನ ಓಮಾಹಾ ಎಂಬ ಸಂಕೇತನಾಮದ ತೀರದ ಬಳಿ ಅವರಿದ್ದ ಹಡಗು ಕಡಲಿನಲ್ಲಿ ಹುದುಗಿಸಿದ್ದ ಮೈನ್‌ಗೆ ತಗುಲಿ ಸ್ಫೋಟಿಸಿತು. ಜೋನ್ಸ್ ಗಾಳಿಗೆ ಎಸೆಯಲ್ಪಟ್ಟರು. ಮುಂದೆ ಜರ್ಮನ್ ವಿಮಾನಗಳ ದಾಳಿಯಲ್ಲಿ ಸಿಡಿಗುಂಡಿನ ಚೂರುಗಳೂ ತಗುಲಿದವು. ಯುದ್ಧ ಮುಗಿಸಿ ತಾಯ್ನಾಡಿಗೆ ಮರಳಿದ ಮೇಲೆ, ಕುತ್ತಿಗೆಯಲ್ಲಿ ಉಳಿದಿದ್ದ ಚೂರನ್ನು ತೆಗೆಸಿಕೊಳ್ಳಲು ಕಾರಿನಲ್ಲಿ ಹೊರಟಿದ್ದಾಗ ಬಿಳಿಯ ಪೊಲೀಸನೊಬ್ಬ ಅವರನ್ನು ತಡೆದು ನೆಲಕ್ಕುರುಳಿಸಿ ಒದ್ದ ಪ್ರಸಂಗವನ್ನು ಜೋನ್ಸ್ ಮುಂದೆ ಸಂದರ್ಶನಗಳಲ್ಲಿ ನೆನಪಿಸಿಕೊಂಡಿದ್ದಾರೆ. ದೇಶಕ್ಕಾಗಿ ತಗುಲಿದ ಲೋಹ ಮೈಯೊಳಗಿರುವಾಗಲೇ ದೇಶದ ಕಾನೂನು ಕಾಯುವವನಿಂದ ಒದೆ ತಿಂದ ಆ ಮನುಷ್ಯ ಕಾನೂನನ್ನೇ ತಮ್ಮ ಮಾರ್ಗವಾಗಿ ಆರಿಸಿಕೊಂಡರು. 1953ರಲ್ಲಿ ಸದರ್ನ್ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದ ಕೆಲವೇ ವಾರಗಳಲ್ಲಿ ಬ್ಯಾಟನ್ ರೂಜ್ ನಗರದ ಬಸ್ ಬಹಿಷ್ಕಾರ ಚಳವಳಿಯ ವಕೀಲರಾದರು. ಮಾರ್ಟಿನ್ ಲೂಥರ್ ಕಿಂಗ್ ಅವರ ನೇತೃತ್ವದಲ್ಲಿ ಎರಡು ವರ್ಷಗಳ ನಂತರ ಮಾಂಟ್‌ಗೊಮರಿಯಲ್ಲಿ ನಡೆದ ವಿಶ್ವಪ್ರಸಿದ್ಧ ಬಸ್ ಬಹಿಷ್ಕಾರಕ್ಕೆ ಇದು ಪೂರ್ವಪೀಠಿಕೆಯಾಯಿತು. ಅವರ ಕಾರಿಗೆ ಎರಡು ಸಲ ಬಾಂಬ್ ಇಡಲಾಯಿತು. 1972ರಿಂದ 1976ರವರೆಗೆ ಅವರು ಲೂಸಿಯಾನಾ ಶಾಸನ ಸಭೆಯ ಸದಸ್ಯರೂ ಆಗಿದ್ದರು.

ಹೀಗೆ ಕಾನೂನು ಬಲ್ಲ, ಸಾರ್ವಜನಿಕ ಜೀವನದಲ್ಲಿ ಹೆಸರು ಮಾಡಿದ, ಶಾಸಕರೂ ಆಗಿದ್ದ ವ್ಯಕ್ತಿಗೆ ಗಾಯದ ಪದಕ ದೊರೆಯಲು ನೂರು ವರ್ಷ ದಾಟಬೇಕಾಯಿತು. ಅದೂ ಆ ರಾಜ್ಯದ ಸೆನೆಟ್ ಸದಸ್ಯ ಬಿಲ್ ಕ್ಯಾಸಿಡಿ ಅವರ ಕಚೇರಿ ಮುಂದೆ ನಿಂತು ಪ್ರಯತ್ನಿಸಿದ ಮೇಲೆ. ಹೊಲದಲ್ಲಿ, ಕಾರ್ಖಾನೆಯಲ್ಲಿ ದುಡಿದು ಮುದುಕನಾದ, ಯಾವ ಜನಪ್ರತಿನಿಧಿಯ ಪರಿಚಯವೂ ಇಲ್ಲದ ಸಾಮಾನ್ಯ ಯೋಧನ ಪಾಡು ಹೇಗಿರಬಹುದೆಂದು ನಾವು ಊಹಿಸಿಕೊಳ್ಳಬಹುದು.

ಸೇಂಟ್ ಲೂಯಿಸ್ ಬೆಂಕಿ

ತಡವಾದ ಅರ್ಜಿಗಳ ಇತಿಹಾಸದಲ್ಲಿ 1973ರ ಜುಲೈ 12 ಒಂದು ಕರಾಳ ದಿನ. ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದ ಹೊರವಲಯದಲ್ಲಿದ್ದ ರಾಷ್ಟ್ರೀಯ ಸಿಬ್ಬಂದಿ ದಾಖಲೆಗಳ ಕೇಂದ್ರದ ಆರನೆಯ ಮಹಡಿಯಲ್ಲಿ ಅಂದು ನಡುರಾತ್ರಿಯ ನಂತರ ಬೆಂಕಿ ಹೊತ್ತಿಕೊಂಡಿತು. ಇಪ್ಪತ್ತೆರಡು ಗಂಟೆಗಳ ಕಾಲ ಅದು ಹತೋಟಿಗೆ ಬರಲಿಲ್ಲ. ಪೂರ್ತಿಯಾಗಿ ಆರಿದ್ದು ನಾಲ್ಕು ದಿನಗಳ ನಂತರ. 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷದಷ್ಟು ಸೈನಿಕರ ಸೇವಾ ಕಡತಗಳು ಸುಟ್ಟುಹೋದವು. 1912ರ ನವೆಂಬರ್‌ನಿಂದ 1960ರ ಜನವರಿಯವರೆಗೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ಶೇ. 80ರಷ್ಟು, 1947ರಿಂದ 1964ರವರೆಗೆ ವಾಯುಪಡೆಯಿಂದ ಬಿಡುಗಡೆಯಾದವರಲ್ಲಿ ವರ್ಣಾನುಕ್ರಮದಲ್ಲಿ ‘ಹಬ್ಬರ್ಡ್’ ಎಂಬ ಹೆಸರಿನ ನಂತರ ಬರುವವರ ಕಡತಗಳಲ್ಲಿ ಶೇ. 75ರಷ್ಟು ಬೂದಿಯಾದವು.

ಅವುಗಳ ಎರಡನೆಯ ಪ್ರತಿ ಎಲ್ಲಿಯೂ ಇರಲಿಲ್ಲ. ಮೈಕ್ರೋಫಿಲ್ಮ್ ಮಾಡಿರಲಿಲ್ಲ. ಯಾವ ಕಡತಗಳಿದ್ದವು ಎಂಬ ಸೂಚಿಯೂ ಇರಲಿಲ್ಲವಾಗಿ, ಏನೇನು ಹೋಯಿತೆಂಬುದರ ಖಚಿತ ಪಟ್ಟಿಯೂ ಸಿದ್ಧವಾಗಲಿಲ್ಲ. ಅಗ್ನಿಶಾಮಕರು ಸುರಿಸಿದ ನೀರಿನಲ್ಲಿ ನೆನೆದು ಉಳಿದ ಕಡತಗಳನ್ನು, ಬಾಹ್ಯಾಕಾಶ ಸಲಕರಣೆಗಳ ಪರೀಕ್ಷೆಗೆ ಬಳಸುತ್ತಿದ್ದ ನಿರ್ವಾತ ಕೋಣೆಯಲ್ಲಿ ಒಣಗಿಸಿ, ಸುಮಾರು 65 ಲಕ್ಷ ಕಡತಗಳನ್ನು ಪಾರುಮಾಡಲಾಯಿತು. ಅಂಚು ಕರಕಲಾದ ಆ ಹಾಳೆಗಳನ್ನು ಇಂದಿಗೂ ಸಿಬ್ಬಂದಿ ಕೈಗವಸು ತೊಟ್ಟು ಬಿಡಿಸುತ್ತಾರೆ.

ಈ ಬೆಂಕಿಯ ಪರಿಣಾಮ ಎಷ್ಟು ದೂರ ಚಾಚಿತು ಎಂಬುದಕ್ಕೆ ವೇವರ್ಲಿ ವುಡ್ಸನ್ ಅವರ ಉದಾಹರಣೆ ಸಾಕು. ಜೋನ್ಸ್ ಅವರಂತೆಯೇ ಕಪ್ಪು ಜನಾಂಗದವರಾದ ವುಡ್ಸನ್ 320ನೆಯ ಬಲೂನ್ ಬೆಟಾಲಿಯನ್‌ನ ವೈದ್ಯ ಸಹಾಯಕ. ಓಮಾಹಾ ತೀರದಲ್ಲಿ ಸ್ವತಃ ಗಾಯಗೊಂಡಿದ್ದರೂ ಸುಮಾರು ಮೂವತ್ತು ಗಂಟೆ ಎಡೆಬಿಡದೆ ಇತರ ಗಾಯಾಳುಗಳ ಆರೈಕೆ ಮಾಡಿದರು. ಅವರಿಗೆ ಪರ್ಪಲ್ ಹಾರ್ಟ್ ಮತ್ತು ಬ್ರಾಂಜ್ ಸ್ಟಾರ್ ದೊರೆತಿದ್ದವು. ಆದರೆ ಆ ಸಾಹಸಕ್ಕೆ ಇನ್ನೂ ಮೇಲಿನ ಶೌರ್ಯ ಪದಕ ಸಲ್ಲಬೇಕೆಂದು ಅವರ ಪತ್ನಿ ದಶಕಗಳ ಕಾಲ ಹೋರಾಡಿದರು. ಮೂಲ ಕಡತ 1973ರ ಬೆಂಕಿಗೆ ಆಹುತಿಯಾದುದು ದೊಡ್ಡ ಅಡ್ಡಿಯಾಯಿತು. 2005ರಲ್ಲಿ ವುಡ್ಸನ್ ತೀರಿಕೊಂಡರು. 2024ರಲ್ಲಿ, ದಾಳಿಯ ಎಂಬತ್ತನೆಯ ವರ್ಷದಂದು, ಅವರಿಗೆ ಮರಣೋತ್ತರವಾಗಿ ಡಿಸ್ಟಿಂಗ್ವಿಷ್ಡ್ ಸರ್ವಿಸ್ ಕ್ರಾಸ್ ಘೋಷಣೆಯಾಯಿತು. ಎರಡನೆಯ ಮಹಾಯುದ್ಧ ಕಾಲದಲ್ಲಿ ಒಬ್ಬ ಕಪ್ಪು ಸೈನಿಕನಿಗೂ ಅತ್ಯುನ್ನತವಾದ ಮೆಡಲ್ ಆಫ್ ಆನರ್ ಕೊಟ್ಟಿರಲಿಲ್ಲ. 1997ರ ಜನವರಿಯಲ್ಲಿ ಅಧ್ಯಕ್ಷ ಕ್ಲಿಂಟನ್ ಏಳು ಮಂದಿಗೆ ಅದನ್ನು ನೀಡಿದಾಗ ಬದುಕಿದ್ದವರು ವರ್ನನ್ ಬೇಕರ್ ಒಬ್ಬರೇ ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಪುರಾವೆಯ ಹುಡುಕಾಟ

ಮೂಲ ಕಡತ ಸುಟ್ಟುಹೋದ ಯೋಧ ಏನು ಮಾಡಬೇಕು? ಬೇರೆ ಬೇರೆ ಕಚೇರಿಗಳಲ್ಲಿ ಚದುರಿಹೋಗಿರುವ ತುಣುಕುಗಳನ್ನು ಕೂಡಿಸಬೇಕು. ಪ್ರತಿ ತುಕಡಿಯೂ ದಿನಂಪ್ರತಿ ಬೆಳಿಗ್ಗೆ ಬರೆಯುತ್ತಿದ್ದ ಹಾಜರಿ ವರದಿಗಳಲ್ಲಿ ಯಾರು ಗಾಯಗೊಂಡರು, ಯಾರನ್ನು ಆಸ್ಪತ್ರೆಗೆ ಕಳುಹಿಸಲಾಯಿತು ಎಂಬ ನಮೂದುಗಳಿರುತ್ತವೆ. ಮನೆಗೆ ಬಂದ ತಂತಿ, ಆಸ್ಪತ್ರೆಯಿಂದ ಬರೆದ ಪತ್ರ, ಊರಿನ ಪತ್ರಿಕೆಯಲ್ಲಿ ಅಂದು ಅಚ್ಚಾದ ಗಾಯಾಳುಗಳ ಪಟ್ಟಿ, ಇವೂ ನೆರವಿಗೆ ಬರುತ್ತವೆ. 1988ರಲ್ಲಿ ಒಂದು ದೊಡ್ಡ ನಿಧಿಯೇ ದಾಖಲೆ ಕೇಂದ್ರದ ಕೈಸೇರಿತು. 1942ರಿಂದ 1945 ಹಾಗೂ 1950ರಿಂದ 1954ರ ಅವಧಿಯಲ್ಲಿ ಸೇನಾ ಆಸ್ಪತ್ರೆಗಳಿಗೆ ದಾಖಲಾದವರ ಸುಮಾರು ಒಂದು ಕೋಟಿ ನಮೂದುಗಳಿದ್ದ ಕಂಪ್ಯೂಟರ್ ಟೇಪುಗಳು ಅವು. ಅಂಕಿಅಂಶಗಳ ಅಧ್ಯಯನಕ್ಕೆಂದು ವೈದ್ಯಕೀಯ ವಿಭಾಗ ಸಿದ್ಧಪಡಿಸಿದ್ದ ಈ ನಮೂದುಗಳು ಎಷ್ಟೋ ಯೋಧರಿಗೆ ಏಕೈಕ ಸಾಕ್ಷಿಯಾದವು. ಆದರೆ ಅಲ್ಲಿ ಹುಡುಕಬೇಕಾದುದು ಸೈನಿಕನ ಸೇನಾ ಸಂಖ್ಯೆಯ ಮೂಲಕ. ಆ ಸಂಖ್ಯೆಯನ್ನು ಮನೆಯವರು ಬರೆದಿಟ್ಟಿರಬೇಕು.

ಕಾಗದ ಏನೂ ಸಿಗದಿದ್ದರೆ ಉಳಿಯುವುದು ಮನುಷ್ಯರ ಸಾಕ್ಷ್ಯ. ಗಾಯವಾದುದನ್ನು ಕಣ್ಣಾರೆ ಕಂಡ ಜೊತೆಗಾರರು ಪ್ರಮಾಣಪೂರ್ವಕವಾಗಿ ಬರೆದುಕೊಟ್ಟ ಹೇಳಿಕೆಗಳನ್ನು ಪರಿಗಣಿಸಲು ಅವಕಾಶವಿದೆ. ತೊಂಬತ್ತು ದಾಟಿದ ಯೋಧ ಅಂತಹ ಸಾಕ್ಷಿಗಳನ್ನು ಎಲ್ಲಿಂದ ತರಬೇಕು? ಅವನೊಡನೆ ಕಂದಕದಲ್ಲಿದ್ದವರಲ್ಲಿ ಕೆಲವರು ಅಂದೇ ಮಡಿದರು, ಉಳಿದವರು ಮುಪ್ಪಿನಿಂದ ಹೋದರು. ಅರ್ಜಿ ತಡವಾದಷ್ಟೂ ಅದನ್ನು ಸಮರ್ಥಿಸಬಲ್ಲವರು ಕಡಿಮೆಯಾಗುತ್ತ ಹೋಗುತ್ತಾರೆ.

ಅರ್ಜಿ ಮೊದಲು ಹೋಗುವುದು ಕೆಂಟಕಿ ರಾಜ್ಯದ ಫೋರ್ಟ್ ನಾಕ್ಸ್‌ನಲ್ಲಿರುವ ಸೇನಾ ಸಿಬ್ಬಂದಿ ಕಚೇರಿಯ ಪದಕ ಶಾಖೆಗೆ. ಅಲ್ಲಿ ತಿರಸ್ಕೃತವಾದರೆ ಸೇನಾ ದಾಖಲೆಗಳ ತಿದ್ದುಪಡಿ ಮಂಡಳಿಗೆ ಮೊರೆಹೋಗಬಹುದು. ನಾಗರಿಕ ಸದಸ್ಯರಿರುವ ಈ ಮಂಡಳಿಗೆ ಮೂರು ವರ್ಷಗಳೊಳಗೆ ಅರ್ಜಿ ಸಲ್ಲಿಸಬೇಕೆಂಬ ನಿಯಮವಿದ್ದರೂ ನ್ಯಾಯದ ದೃಷ್ಟಿಯಿಂದ ಅದನ್ನು ಸಡಿಲಿಸುವ ಅಧಿಕಾರವಿದೆ. ಆದರೆ ಮಂಡಳಿ ಹೊರಡುವುದೇ ‘ಸರಕಾರಿ ದಾಖಲೆ ಸರಿಯಾಗಿಯೇ ಇದೆ’ ಎಂಬ ಪೂರ್ವಗ್ರಹಿಕೆಯಿಂದ. ತಪ್ಪಿದೆಯೆಂದು ಸಾಧಿಸುವ ಭಾರ ಅರ್ಜಿದಾರನದು. ಅಲ್ಲಿಯೂ ಸೋತವರಿಗೆ ಉಳಿಯುವುದು ನ್ಯಾಯಾಲಯ.

ಆ ಕೊನೆಯ ಬಾಗಿಲನ್ನೂ ತಟ್ಟಿದವರಿದ್ದಾರೆ. ಕೊರಿಯಾ ಯುದ್ಧದಲ್ಲಿ ಸಿಡಿಗುಂಡಿನಿಂದ ಗಾಯಗೊಂಡಿದ್ದ ಯೋಧರೊಬ್ಬರು ತಮ್ಮ ತೊಂಬತ್ತರ ಇಳಿವಯಸ್ಸಿನಲ್ಲಿ, 2023ರಲ್ಲಿ, ಸೇನೆಯ ವಿರುದ್ಧ ಮೊಕದ್ದಮೆ ಹೂಡಿದರು. ತಮಗೆ ಪಟ್ಟಿ ಕಟ್ಟಿದ ವೈದ್ಯ ಸಹಾಯಕ ಅದನ್ನು ದಾಖಲಿಸುವ ಮೊದಲೇ ಮಡಿದಿರಬೇಕೆಂಬುದು ಅವರ ಅನುಮಾನ. ಕೊನೆಗೆ ಗಾಯವಾದ ಎಪ್ಪತ್ತಮೂರು ವರ್ಷಗಳ ಬಳಿಕ ಪದಕ ಮಂಜೂರಾಯಿತು.

ನಿಯಮ ಬದಲಾದಾಗ

ದಾಖಲೆ ಸರಿಯಾಗಿದ್ದರೂ ನಿಯಮವೇ ಅಡ್ಡಬಂದ ಪ್ರಸಂಗಗಳಿವೆ. ಕೊರೆವ ಹಿಮದಲ್ಲಿ ಕೈಕಾಲು ಮರಗಟ್ಟಿ ಬೆರಳು ಕಳೆದುಕೊಳ್ಳುವುದು ಗಾಯವೇ ಅಲ್ಲವೇ ಎಂಬ ಪ್ರಶ್ನೆಯನ್ನು ತೆಗೆದುಕೊಳ್ಳಿ. 1941ರ ಡಿಸೆಂಬರ್ 7ರಿಂದ 1951ರ ಆಗಸ್ಟ್ 22ರವರೆಗೆ, ಆಸ್ಪತ್ರೆಗೆ ಸೇರಬೇಕಾದಷ್ಟು ತೀವ್ರವಾದ ಹಿಮಬಾಧೆಗೆ ಭೂಸೇನೆಯ ನಿಯಮದಲ್ಲಿ ಪದಕವುಂಟು, ಮರುದಿನದಿಂದ ಇಲ್ಲ. ಅದೇ ಕೊರಿಯಾದ ಚಳಿಯಲ್ಲಿ 1950ರಲ್ಲಿ ಬೆರಳು ಕಳೆದುಕೊಂಡವನು ಅರ್ಹ, 1952ರಲ್ಲಿ ಕಳೆದುಕೊಂಡವನು ಅನರ್ಹ.

ಬೇರೆ ಸಂದರ್ಭಗಳಲ್ಲಿ ನಿಯಮ ಸಡಿಲಿದುದೂ ಉಂಟು. ಸ್ವಪಕ್ಷದ ಗುಂಡು ಆಕಸ್ಮಿಕವಾಗಿ ತಗುಲಿ ಗಾಯಗೊಂಡವರಿಗೂ ಪದಕ ಸಲ್ಲುತ್ತದೆಂದು 1993ರ ಕಾನೂನು ಸ್ಪಷ್ಟಪಡಿಸಿತು. ಹಿಂದಿನ ಯುದ್ಧಗಳಲ್ಲಿ ಸೆರೆಸಿಕ್ಕಾಗ ಗಾಯಗೊಂಡವರಿಗೆ 1996ರಲ್ಲಿ ಬಾಗಿಲು ತೆರೆಯಿತು. ಟೆಕ್ಸಾಸ್‌ನ ಫೋರ್ಟ್ ಹುಡ್ ನೆಲೆಯಲ್ಲಿ 2009ರ ನವೆಂಬರ್ 5ರಂದು ಸೇನೆಯ ಅಧಿಕಾರಿಯೇ ಗುಂಡು ಹಾರಿಸಿ 13 ಜನರನ್ನು ಕೊಂದಾಗ, ಗಾಯಗೊಂಡವರಿಗೆ ‘ಇದು ಯುದ್ಧವಲ್ಲ’ ಎಂಬ ಕಾರಣಕ್ಕೆ ಪದಕ ದೊರೆಯಲಿಲ್ಲ. ಸಂಸತ್ತು ಕಾನೂನನ್ನು ತಿದ್ದಿದ ಮೇಲೆ 2015ರ ಏಪ್ರಿಲ್‌ನಲ್ಲಿ ಅದು ಅವರ ಕೈಸೇರಿತು.

ಕಣ್ಣಿಗೆ ಕಾಣದ ಗಾಯಗಳ ವಿಷಯ ಇನ್ನೂ ಜಟಿಲ. 2020ರ ಜನವರಿ 8ರಂದು ಇರಾನ್ ಇರಾಕಿನ ಅಲ್ ಅಸದ್ ನೆಲೆಯ ಮೇಲೆ ಕ್ಷಿಪಣಿಗಳನ್ನು ಹಾರಿಸಿತು. ಆರಂಭದಲ್ಲಿ ಯಾವ ಅಮೆರಿಕನ್ನರಿಗೂ ಹಾನಿಯಾಗಿಲ್ಲವೆಂದು ಪ್ರಕಟಿಸಲಾಯಿತು. ಆದರೆ ಸ್ಫೋಟದ ಅಲೆಗಳಿಂದ ಮಿದುಳಿಗೆ ಆಘಾತವಾದವರು ನೂರಕ್ಕೂ ಹೆಚ್ಚು ಮಂದಿಯೆಂಬುದು ಕ್ರಮೇಣ ಹೊರಬಿತ್ತು. ಮೊದಲು 29 ಜನರಿಗೆ ಪದಕ ದೊರೆಯಿತು. ಮರುಪರಿಶೀಲನೆಯ ನಂತರ 2021ರ ಡಿಸೆಂಬರ್‌ನಲ್ಲಿ ಇನ್ನೂ 39 ಮಂದಿಗೆ ಮಂಜೂರಾಯಿತು. ಕಂಪ್ಯೂಟರ್ ಯುಗದಲ್ಲಿಯೂ ಗಾಯದಿಂದ ಪದಕದವರೆಗಿನ ದಾರಿ ನೇರವಾಗಿಲ್ಲವೆಂಬುದಕ್ಕೆ ಇದು ನಿದರ್ಶನ. ಯುದ್ಧದ ಭೀಕರತೆಯಿಂದ ಮನಸ್ಸಿಗಾಗುವ ಆಘಾತಕ್ಕೆ ಮಾತ್ರ ಈ ಪದಕವಿಲ್ಲವೆಂದು ರಕ್ಷಣಾ ಇಲಾಖೆ 2009ರಲ್ಲಿ ನಿರ್ಧರಿಸಿತು. ಆ ಚರ್ಚೆ ಇನ್ನೂ ಮುಗಿದಿಲ್ಲ.

ಪದಕದಿಂದ ಸಿಗುವುದೇನು?

ಪರ್ಪಲ್ ಹಾರ್ಟ್‌ನೊಂದಿಗೆ ಪಿಂಚಣಿಯಾಗಲಿ ಹಣವಾಗಲಿ ಬರುವುದಿಲ್ಲ. ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಆದ್ಯತೆ, ಕೆಲವು ಶುಲ್ಕಗಳಿಂದ ವಿನಾಯಿತಿ, ಇತ್ತೀಚಿನ ಯುದ್ಧಗಳವರಿಗೆ ಶಿಕ್ಷಣದ ಪೂರ್ಣ ಸೌಲಭ್ಯ, ಇವು ಅದರ ಲಾಭಗಳು. ನೂರು ವರ್ಷದ ಹಿರಿಯನಿಗೆ ಇವುಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. ಆದರೂ ಅವನು ಅರ್ಜಿ ಬರೆಯುವುದೇಕೆ? ನಮಗೆ ತೋರುವಂತೆ, ಅವನು ಕೇಳುತ್ತಿರುವುದು ಬಹುಮಾನವನ್ನಲ್ಲ, ಒಪ್ಪಿಗೆಯನ್ನು. ‘ಹೌದು, ಅಂದು ನೀನು ಅಲ್ಲಿದ್ದೆ, ನಿನಗೆ ನೋವಾಯಿತು’ ಎಂದು ತನ್ನನ್ನು ಕಳುಹಿಸಿದ ದೇಶ ಬರವಣಿಗೆಯಲ್ಲಿ ಒಪ್ಪಿಕೊಳ್ಳಲಿ ಎಂಬ ಆಸೆ ಅದು. ದಾಖಲೆ ಇಲ್ಲವೆಂಬ ಉತ್ತರ ಬಂದಾಗಲೆಲ್ಲ, ನೀನು ಸುಳ್ಳು ಹೇಳುತ್ತಿರಬಹುದು ಎಂಬ ಧ್ವನಿ ಅದರಲ್ಲಿ ಅವನಿಗೆ ಕೇಳಿಸುತ್ತದೆ. ಹಳೆಯ ಗಾಯಕ್ಕಿಂತ ಅದು ಹೆಚ್ಚು ನೋಯಿಸುತ್ತದೆ.

ನಮ್ಮ ದೇಶದಲ್ಲಿ

ಭಾರತದಲ್ಲಿಯೂ ಶತ್ರುವಿನ ನೇರ ಕೃತ್ಯದಿಂದ ಗಾಯಗೊಂಡ ಯೋಧರಿಗೆ ‘ಪರಾಕ್ರಮ ಪದಕ’ ಎಂಬ ಗೌರವವಿದೆ. ಆದರೆ ನಮ್ಮಲ್ಲಿ ಕಾಗದದ ತೂಕ ಇನ್ನೂ ಹೆಚ್ಚು. ಗಾಯಗೊಂಡವನನ್ನು ಸೇನೆ ‘ಯುದ್ಧ ಗಾಯಾಳು’ ಎಂದು ದಾಖಲಿಸಿತೇ ಇಲ್ಲವೇ ಎಂಬುದರ ಮೇಲೆ ಪಿಂಚಣಿಯೇ ನಿಂತಿದೆ. ಯುದ್ಧಗಾಯದ ಪಿಂಚಣಿಯ ದರ ಸಾಮಾನ್ಯ ಅಂಗವೈಕಲ್ಯ ಪಿಂಚಣಿಗಿಂತ ಹೆಚ್ಚು. ಈ ವರ್ಗೀಕರಣದ ತಕರಾರುಗಳನ್ನು 2007ರ ಕಾಯಿದೆಯಡಿ ಸ್ಥಾಪಿತವಾಗಿ 2009ರಿಂದ ಕಾರ್ಯನಿರತವಾಗಿರುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ವಿಚಾರಿಸುತ್ತದೆ. ನಮ್ಮ ಓದುಗರು ಹೆಚ್ಚಾಗಿ ನೆಲೆಸಿರುವ ದೆಹಲಿ, ಮುಂಬೈ ಮತ್ತು ಚೆನ್ನೈ ನಗರಗಳಲ್ಲಿ ಅದರ ಪೀಠಗಳಿವೆ.

ತಡವಾದ ಮನ್ನಣೆಯ ಮಾತು ಬಂದಾಗ ಪುಣೆಯ ಕನ್ನಡಿಗರಿಗೆ ಮುರಳಿಕಾಂತ್ ಪೇಟ್ಕರ್ ಅವರ ನೆನಪಾಗದಿರದು. 1965ರ ಯುದ್ಧದಲ್ಲಿ ಗುಂಡೇಟುಗಳಿಂದ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಈ ಯೋಧರು 1972ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ನಡೆದ ಪ್ಯಾರಾಲಿಂಪಿಕ್ ಕ್ರೀಡಾಕೂಟದ ಈಜಿನಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದರು. ಅರ್ಜುನ ಪ್ರಶಸ್ತಿಗಾಗಿ ಅವರು ಸಲ್ಲಿಸಿದ್ದ ಅರ್ಜಿ ಹಿಂದೆ ತಿರಸ್ಕೃತವಾಗಿತ್ತು. 2018ರಲ್ಲಿ ಪದ್ಮಶ್ರೀ ಬಂತು. ಜೀವಮಾನದ ಸಾಧನೆಗಾಗಿ ಅರ್ಜುನ ಪ್ರಶಸ್ತಿ 2025ರ ಜನವರಿಯಲ್ಲಿ, ಚಿನ್ನ ಗೆದ್ದ ಐವತ್ತೆರಡು ವರ್ಷಗಳ ನಂತರ. ಅದು ಗಾಯದ ಪದಕವಲ್ಲವಾದರೂ ಕಾಯುವಿಕೆಯ ಬಗೆ ಒಂದೇ.

ಮನೆಯ ಪೆಟ್ಟಿಗೆಯಲ್ಲಿರುವ ಚರಿತ್ರೆ

ಕೊಡಗಿನಿಂದ ಬೆಳಗಾವಿಯವರೆಗೆ ಸೈನ್ಯಕ್ಕೆ ಮಕ್ಕಳನ್ನು ಕಳುಹಿಸಿದ ಕುಟುಂಬಗಳು ನಮ್ಮ ನಾಡಿನಲ್ಲಿ ಅಸಂಖ್ಯ. ಅವರಲ್ಲಿ ಎಷ್ಟೋ ಮಂದಿ ಈಗ ಮಕ್ಕಳೊಂದಿಗೆ ಹೊರರಾಜ್ಯಗಳ ಮಹಾನಗರಗಳಲ್ಲಿದ್ದಾರೆ. ಮನೆ ಬದಲಿಸುವಾಗ ಹಳೆಯ ಟ್ರಂಕಿನ ಕಾಗದಗಳು ರದ್ದಿಗೆ ಹೋಗುವುದು ಸಾಮಾನ್ಯ. ಈ ಲೇಖನ ಓದಿದವರಲ್ಲಿ ನಮ್ಮ ವಿನಂತಿ ಇಷ್ಟೇ: ನಿಮ್ಮ ಮನೆಯಲ್ಲಿ ಮಾಜಿ ಸೈನಿಕರಿದ್ದರೆ ಅವರ ಬಿಡುಗಡೆ ಪುಸ್ತಕ, ಆಸ್ಪತ್ರೆಯ ಚೀಟಿಗಳು, ಹಳೆಯ ಪತ್ರಗಳು, ಭಾವಚಿತ್ರಗಳನ್ನು ಜೋಪಾನವಾಗಿಡಿ, ಪ್ರತಿ ಮಾಡಿಸಿಡಿ. ಸೇನಾ ಸಂಖ್ಯೆ, ದಳದ ಹೆಸರು, ಗಾಯವಾದ ಸ್ಥಳ, ದಿನಾಂಕ, ಜೊತೆಗಿದ್ದವರ ಹೆಸರುಗಳನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಪ್ರತಿ ದಳಕ್ಕೂ ತನ್ನದೇ ದಾಖಲೆ ಕಚೇರಿ ಇರುತ್ತದೆ. ಮಾರ್ಗದರ್ಶನಕ್ಕೆ ನೀವಿರುವ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯನ್ನು ಸಂಪರ್ಕಿಸಬಹುದು.

ಸೇಂಟ್ ಲೂಯಿಸ್‌ನ ಬೆಂಕಿಯಲ್ಲಿ ಕೋಟಿಗಟ್ಟಲೆ ಕಡತಗಳು ಹೋದ ಮೇಲೆ ಎಷ್ಟೋ ಯೋಧರ ಮಾತನ್ನು ಉಳಿಸಿದ್ದು ತಾಯಿಯೋ ಹೆಂಡತಿಯೋ ಎತ್ತಿಟ್ಟಿದ್ದ ಒಂದು ತಂತಿ, ಒಂದು ಪತ್ರ. ಅಂತಹ ಹಾಳೆಯೊಂದು ನಮ್ಮ ನಿಮ್ಮ ಮನೆಯ ಪೆಟ್ಟಿಗೆಯಲ್ಲಿಯೂ ಇರಬಹುದು. ಅದನ್ನು ತೆರೆದು ನೋಡಲು ಹಿರಿಯರು ಇರುವಾಗಲೇ ಸಕಾಲ.